ನನ್ನ ಹೆಗಲ ಮಹಜರು

ಆ ಭಾನುವಾರ ನೂರಾ ಇಪ್ಪತ್ತು ರೊಟ್ಟಿಯ ಆರ್ಡರ್ ಇತ್ತು. ಶಿಕಾರಿಪುರದ ನಮ್ಮ ಬೀದಿಯಲ್ಲೇ ಒಂದು ಗೃಹಪ್ರವೇಶ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿದೆ, ತಟ್ಟಿದೆ, ಬೇಯಿಸಿದೆ, ಬಟ್ಟೆ ಹಾಸಿದ ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟೆ. ನನ್ನ ಗಂಡ ಮಂಜುನಾಥ ಬುಟ್ಟಿಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ ಕೊಟ್ಟು ಬಂದರು. ಮಧ್ಯಾಹ್ನ ಅದೇ ಮನೆಯಲ್ಲಿ ಊಟ. ಬಡಿಸುವವರು "ನಿಮ್ಮ ರೊಟ್ಟಿ ನೀವೇ ಬ್ಯಾಡ ಅಂದ್ರ ಹೆಂಗಕ್ಕಾ" ಎಂದು ನನ್ನ ಎಲೆಗೆ ಇನ್ನೊಂದು ಹಾಕಿದರು. ಸಂಜೆ ಒಣಗಿದ ಬಟ್ಟೆ ಮಡಚಿದೆ. ಮಕ್ಕಳ ಯೂನಿಫಾರಂಗೆ ಇಸ್ತ್ರಿ ಹಾಕಿದೆ. ನೆನಪಿಟ್ಟುಕೊಳ್ಳುವಂಥದ್ದು ಏನೂ ಆ ದಿನ ನಡೆಯಲಿಲ್ಲ.

ಸೋಮವಾರ ಬೆಳಿಗ್ಗೆ ಬಲಗೈಯ ಮೂರು ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ.

ಮೊದಲ ರೊಟ್ಟಿ ಕೈಯಲ್ಲೇ ಹರಿಯಿತು. ಎರಡನೆಯದೂ ಹರಿಯಿತು. ಮೂರನೆಯದನ್ನು ಹಂಚಿಗೆ ಹಾಕುವಾಗ ಕೈ ಹಂಚಿಗೆ ತಾಗಿತು. ಚರ್ಮ ಸುಟ್ಟ ವಾಸನೆ ಬಂದ ಮೇಲೆ ಕೈ ತೆಗೆದೆ.

ನೋವು ಹೊಸದಾಗಿರಲಿಲ್ಲ. ನನ್ನ ಎದೆಯ ಭಾರ ಮದುವೆಗೆ ಮುಂಚೆಯೂ ಹೆಚ್ಚೇ ಇತ್ತು. ಎರಡನೇ ಹೆರಿಗೆ ಆದಮೇಲೆ ಇನ್ನೂ ಬೆಳೆಯಿತು, ಮತ್ತೆ ಇಳಿಯಲಿಲ್ಲ. ಬ್ರಾ ಪಟ್ಟಿ ಕೂತು ಕೂತು ಎರಡೂ ಹೆಗಲ ಮೇಲೆ ಹಳ್ಳ ಬಿದ್ದಿತ್ತು. ಸ್ತನದ ಕೆಳಗೆ ಬೆವರಿಗೆ ಚರ್ಮ ಸುಲಿದು ಕೆಂಪಾಗುತ್ತಿತ್ತು. ಒಲೆಯ ಮುಂದೆ ಕೂರುವವಳಿಗೆ ಅದು ವರ್ಷದ ಹನ್ನೆರಡು ತಿಂಗಳೂ ಇರುತ್ತದೆ. ಹಳೆಯ ಪಂಚೆ ಹರಿದು, ಆ ತುಂಡುಗಳನ್ನು ಮಡಚಿ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಬಾಗಿ ನಡೆಯುವುದು ಅಭ್ಯಾಸವಾಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಚೀಲವನ್ನು ಎದೆಗೆ ಹಿಡಿದುಕೊಳ್ಳುವುದೂ ಅಭ್ಯಾಸವಾಗಿತ್ತು.

ಆದರೆ ಯಾವ ಡಾಕ್ಟರ ಹತ್ತಿರ ಹೋದರೂ ನಾನು ಹೇಳಿದ್ದು ಒಂದೇ ಮಾತು. "ಕುತ್ತಿಗೆ ನೋವು ರೀ." ಅಷ್ಟೇ. ಅವರು ಮಾತ್ರೆ ಬರೆದರು. ಕುತ್ತಿಗೆ ಪಟ್ಟಿ ಕೊಟ್ಟರು. ಚೀಟಿಗಳ ಮೇಲೆಲ್ಲ 'ನೆಕ್ ಪೇನ್' ಎಂದೇ ಇದೆ. ನಾಚಿಕೆಗೆ ಹಾಗೆ ಹೇಳಿದೆ. ಆ ನಾಚಿಕೆ ಮುಂದೆ ನಮ್ಮನ್ನು ಎಷ್ಟು ಅಲೆಸಿತು ಎನ್ನುವುದು ಆಗ ಗೊತ್ತಿರಲಿಲ್ಲ.

ಕೈ ಸುಟ್ಟ ಸುದ್ದಿ ಕೇಳಿ ಅತ್ತೆ ಬಂದರು.

ನನ್ನ ಅತ್ತೆ ಚೌಡಮ್ಮ. ಊರು ಸೊರಬ ತಾಲ್ಲೂಕಿನ ಉಳವಿ. ಮಾವ ತೀರಿದ ಮೇಲೆ ಗದ್ದೆಯನ್ನು ಅವರೇ ನೋಡಿಕೊಂಡರು. ಓದಿದ್ದು ಮೂರನೇ ಇಯತ್ತೆ. ಸಹಿ ಹಾಕಲು ಬರುತ್ತಿತ್ತು, ಬಹಳ ಹೊತ್ತು ಹಿಡಿಯುತ್ತಿತ್ತು. ಉಳವಿಯಿಂದ ಸೊರಬ, ಸೊರಬದಿಂದ ಶಿರಾಳಕೊಪ್ಪ, ಅಲ್ಲಿಂದ ಶಿಕಾರಿಪುರ, ಹೀಗೆ ಮೂರು ಬಸ್ಸು ಹತ್ತಿ ಇಳಿದು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತರು. ಇದನ್ನು ಬರೆಯುವ ಹೊತ್ತಿಗೆ ಅವರು ತೀರಿಕೊಂಡು ಮೂರು ತಿಂಗಳಾಗಿದೆ. ಬರೆಯುವುದು ನನ್ನ ಕಾಯಿಲೆಯ ಬಗ್ಗೆಯೇ. ಆದರೆ ಅದನ್ನು ಹೇಳಲು ಹೋದರೆ ಅವರೇ ಮುಂದೆ ಬರುತ್ತಾರೆ. ಅವರು ಇದ್ದದ್ದೂ ಹಾಗೇ.

"ಎಂತದೆ ಇದು? ರೊಟ್ಟಿ ಬೇಯ್ಸು ಅಂದ್ರೆ ಕೈ ಬೇಯ್ಸ್ಕಂಡು ಕೂತೀಯ?" ಎಂದರು. ಆಮೇಲೆ ಬಚ್ಚಲಿಗೆ ಕರೆದುಕೊಂಡು ಹೋಗಿ ಬೆನ್ನು ಉಜ್ಜುವಾಗ ಹೆಗಲನ್ನು ನೋಡಿದರು. ಬೆರಳಿಟ್ಟು ನೋಡಿದರು. ಅವರು ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಶಿವಮೊಗ್ಗಕ್ಕೆ ಹೋದೆವು. ನರದ ಡಾಕ್ಟರು ಸ್ಕ್ಯಾನ್ ನೋಡಿದರು. ನನ್ನನ್ನೂ ನೋಡಿದರು. ಅದೇ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕಳಿಸಿದರು. ಅವರು ಹೆಂಗಸು, ನನಗಿಂತ ಚಿಕ್ಕವರು. ಪರದೆ ಎಳೆದು ಪರೀಕ್ಷೆ ಮಾಡಿದರು. ಅಳತೆ ತೆಗೆದುಕೊಂಡರು. ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಮಾಡಿಸಿದರು. ಗಡ್ಡೆ ಏನೂ ಇಲ್ಲ ಎಂದರು.

"ಎಷ್ಟು ವರ್ಷದಿಂದ ಈ ಭಾರ ಹೊತ್ತಿದ್ದೀರಿ?" ಎಂದು ಕೇಳಿದರು.

ಯಾರೂ ಹಾಗೆ ಕೇಳಿರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ.

"ಬ್ರೆಸ್ಟ್ ರಿಡಕ್ಷನ್ ಅಂತ ಆಪರೇಷನ್ ಇದೆ. ಭಾರ ಇಳಿಸದೆ ಕುತ್ತಿಗೆಗೆ ಎಷ್ಟು ಮಾತ್ರೆ ತಿಂದರೂ ಅಷ್ಟೇ. ಬೆರಳಿನ ಜೋಮು ಹೆಚ್ಚುತ್ತಾ ಹೋಗುತ್ತೆ."

ಬೆರಳು ಹೋದರೆ ನನ್ನ ಕೆಲಸ ಹೋಗುತ್ತದೆ. ಇಪ್ಪತ್ತು ವರ್ಷ ತಟ್ಟಿ ಕಟ್ಟಿಕೊಂಡ ಕೆಲಸ. ಹೊರಗೆ ಬಂದ ಮೇಲೆ ಅತ್ತೆ ಬೆಂಚಿನ ಮೇಲೆ ಕೂತು ಸೆರಗು ಬಾಯಿಗೆ ಹಿಡಿದು ನಗಲು ಶುರುಮಾಡಿದರು.

"ಯಾಕ್ರೀ ಅತ್ತಿ?"

"ಅಲ್ವೇ, ದ್ಯಾವ್ರು ಕೊಟ್ಟಿದ್ದು ಜಾಸ್ತಿ ಆತು ಅಂತ ವಾಪಸ್ ಕೊಡಾಕೂ ಆಸ್ಪತ್ರೆ ಅದೆ ನೋಡು."

ನನಗೂ ನಗು ಬಂತು. ನನ್ನ ದೇಹದ ಬಗ್ಗೆ ನಾನು ನಕ್ಕದ್ದು ಅದೇ ಮೊದಲ ಸಲ.

ನಮ್ಮ ಹತ್ತಿರ ಆರೋಗ್ಯ ವಿಮೆ ಇತ್ತು. ನನ್ನ ಗಂಡ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅಂಗಡಿಯ ಮಾಲೀಕರು ಒತ್ತಾಯ ಮಾಡಿ ಮಾಡಿಸಿದ ಪಾಲಿಸಿ. ಒಮ್ಮೆಯೂ ಬಳಸಿರಲಿಲ್ಲ. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಫಾರಂ ತುಂಬಿದರು. ಕಂಪನಿಯವರು ಒಪ್ಪಿದರೆ ದಿನ ಗೊತ್ತುಮಾಡುತ್ತೇವೆ, ನಾಲ್ಕೈದು ದಿನದಲ್ಲಿ ತಿಳಿಯುತ್ತದೆ ಎಂದರು.

ಐದನೇ ದಿನ ಪತ್ರ ಬಂತು.

ಇಲ್ಲ ಎಂದಿತ್ತು.

ಪತ್ರ ಇಂಗ್ಲಿಷಿನಲ್ಲಿತ್ತು. ಗಂಡ ಓದಿ ಹೇಳಿದರು. ಎರಡು ಕಾರಣ ಕೊಟ್ಟಿದ್ದರು. ಒಂದು, ಇದು ಕಾಸ್ಮೆಟಿಕ್, ಅಂದರೆ ಚೆಂದಕ್ಕೆ ಮಾಡಿಸಿಕೊಳ್ಳುವ ಆಪರೇಷನ್. ಹಳೆಯ ಚೀಟಿಗಳಲ್ಲಿ ಕುತ್ತಿಗೆ ನೋವು ಬಿಟ್ಟು ಬೇರೇನೂ ಇಲ್ಲ. ಇದು ನನ್ನ ನಾಚಿಕೆಯ ಫಲ. ಎರಡನೆಯ ಕಾರಣ ಓದುವಾಗ ಗಂಡನ ದನಿ ನಿಧಾನವಾಯಿತು. ಕಂಪನಿಯವರು ಫೋನಿನಲ್ಲಿ ವಿಚಾರಿಸಿದಾಗ ರೋಗಿಯು ತನಗೆ ಎಡ ಸ್ತನದಲ್ಲಿ ಗಡ್ಡೆ ಇದೆ, ಎರಡು ವರ್ಷದಿಂದ ಇದೆ, ಅಡಿಕೆ ಗಾತ್ರ, ನೋವಿಲ್ಲ, ತೊಟ್ಟು ಒಳಗೆ ಎಳೆದುಕೊಂಡಿದೆ ಎಂದು ಹೇಳಿದ್ದಾರೆ. ಆಸ್ಪತ್ರೆಯ ರಿಪೋರ್ಟಿನಲ್ಲಿ ಯಾವ ಗಡ್ಡೆಯೂ ಇಲ್ಲ. ಸುಳ್ಳು ಮಾಹಿತಿ ಕೊಟ್ಟ ಕಾರಣ ಪಾಲಿಸಿಯನ್ನೇ ರದ್ದು ಮಾಡುವ ಬಗ್ಗೆ ಪರಿಶೀಲಿಸಲಾಗುವುದು.

"ನಾ ಯಾರ ಜತಿಗೂ ಮಾತಾಡಿಲ್ಲ ರೀ" ಎಂದೆ. ನಿಜವಾಗಿಯೂ ಮಾತಾಡಿರಲಿಲ್ಲ.

ಅತ್ತೆ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅವ್ವಾ?" ಎಂದರು ನನ್ನ ಗಂಡ.

"ನಾನೇ ಹೇಳಿದ್ದು" ಎಂದರು. "ಇವ್ಳು ಗಿರಣಿಗೆ ಹೋಗಿದ್ಲು. ಫೋನ್ ಬಂತು. ರತ್ನಮ್ಮ ಅವ್ರಾ ಅಂದ್ರು. ಹ್ಞೂಂ ಅಂದೆ. ಏನು ತೊಂದ್ರೆ ಅಂದ್ರು. ಮೊಲೆ ಭಾರ ಅಂತ ಹೇಳಾಕಾಗ್ತದನ? ಗಡ್ಡೆ ಅಂದೆ. ಗಡ್ಡೆ ಅಂದ್ರೆ ಯಾರೂ ಇಲ್ಲ ಅನ್ನಲ್ಲ."

ಗಂಡ ಪತ್ರವನ್ನು ಟೇಬಲ್ಲಿನ ಮೇಲೆ ಇಟ್ಟು ಹೊರಗೆ ಹೋದರು. ನನಗೆ ಸಿಟ್ಟು ಬಂತು. ಅತ್ತೆಯ ಮೇಲೆ ನಾನು ದನಿ ಏರಿಸಿದ್ದು ಕಡಿಮೆ. ಅವತ್ತು ಏರಿಸಿದೆ. "ತೊಟ್ಟಿನ ವಿಚಾರ ಎಲ್ಲಾ ಯಾಕ ಹೇಳಬೇಕಾಗಿತ್ತು? ಸುಳ್ಳು ಹೇಳೋದಾದ್ರ ಸಣ್ಣದಾಗಿ ಹೇಳ್ರಿ!" ಎಂದೆ.

ಅವರು ಬೆಳ್ಳುಳ್ಳಿಯ ಸಿಪ್ಪೆ ಊದಿದರು. "ಫೋನಿನ ಹುಡ್ಗಿ ಕೇಳಿದ್ಲು, ಹೇಳಿದೆ."

ಎರಡು ದಿನ ನಾವು ಹೆಚ್ಚು ಮಾತಾಡಲಿಲ್ಲ. ಮೂರನೇ ದಿನ ಅತ್ತೆಯೇ ಮಾತು ತೆಗೆದರು. ಅವರಿಗೆ ಇಂಥ ಪತ್ರಗಳ ಭಯ ಇರಲಿಲ್ಲ. ಮಾವನ ಹೆಸರಿನ ಗದ್ದೆಯ ಪಹಣಿಯಲ್ಲಿ ಪಕ್ಕದವರ ಹೆಸರು ಸೇರಿಕೊಂಡಿತ್ತು. ಅದನ್ನು ತೆಗೆಸಲು ಅವರು ವರ್ಷಗಟ್ಟಲೆ ಸೊರಬದ ತಾಲ್ಲೂಕು ಕಚೇರಿಗೆ ಅಲೆದಿದ್ದರು, ಕೊನೆಗೆ ತೆಗೆಸಿದ್ದರು. ಸರ್ಕಾರಿ ಕಾಗದದಲ್ಲಿ 'ಇಲ್ಲ' ಎಂದು ಬಂದರೆ ಅದು ಮಾತಿನ ಶುರು, ಮಾತಿನ ಕೊನೆಯಲ್ಲ ಎಂದು ಅವರು ತಿಳಿದಿದ್ದರು.

"ತಕರಾರು ಅರ್ಜಿ ಹಾಕು" ಎಂದರು. "ಸ್ಥಳಕ್ಕೆ ಬಂದು ನೋಡಿ ಅಂತ ಬರಿ. ನೋಡದೆ ಇಲ್ಲ ಅಂದಿದ್ದು ಹೆಂಗೆ ಅಂತ ಕೇಳು."

"ಸ್ಥಳ ಅಂದ್ರ? ಇದೇನು ಹೊಲನಾ ಅತ್ತಿ?"

"ನೋವು ಎಲ್ಲದೆಯೋ ಅದೇ ಸ್ಥಳ."

ಡಾಕ್ಟರು ಬಲವಾದ ಒಂದು ಪತ್ರ ಬರೆದುಕೊಟ್ಟರು. ಆರೋಗ್ಯಕ್ಕೆ ತೊಂದರೆ ಆಗುತ್ತಿದ್ದು, ಅದನ್ನು ತಪ್ಪಿಸಲು ಅಗತ್ಯವಾದ ಚಿಕಿತ್ಸೆಯಾದರೆ ಇದು ಚೆಂದದ ಆಪರೇಷನ್ ಎನಿಸುವುದಿಲ್ಲ, ವಿಮೆಯ ನಿಯಮದಲ್ಲೇ ಹಾಗೆ ಇದೆ ಎಂದು ಹೇಳಿದರು. ಆ ಸಾಲು ನಮ್ಮ ಪಾಲಿಸಿಯಲ್ಲೂ ಇತ್ತು. ನಾವು ಯಾರೂ ಓದಿರಲಿಲ್ಲ. ನಾನು ಕನ್ನಡದಲ್ಲಿ ಅರ್ಜಿ ಬರೆದೆ. ಅತ್ತೆ ಹೇಳಿದ್ದನ್ನೂ ಸೇರಿಸಿದೆ. ಗಂಡ ಅಂಗಡಿಯ ಕಂಪ್ಯೂಟರಿನಿಂದ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದರು.

ಹದಿನೈದು ದಿನದೊಳಗೆ, ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿ, ಕಂಪನಿಯ ತನಿಖೆಯವರು ಬಂದರು.

ಐವತ್ತರ ಆಸುಪಾಸಿನ ಗಂಡಸು. ಬೆವರು ಒರೆಸಿಕೊಂಡು ಪಡಸಾಲೆಯ ಕುರ್ಚಿಯಲ್ಲಿ ಕೂತರು. ನೀರು ಕುಡಿದರು. ಫೈಲ್ ತೆಗೆದರು. ನನ್ನ ಕಡೆ ನೋಡದೆ, ಗೋಡೆಯ ಕ್ಯಾಲೆಂಡರ್ ನೋಡಿಕೊಂಡು "ಮೇಡಂ, ನಾಲ್ಕು ಪ್ರಶ್ನೆ ಕೇಳಿ ಹೋಗ್ತೀನಿ" ಎಂದರು. ಮನುಷ್ಯ ಕೆಟ್ಟವರಲ್ಲ. ನಮ್ಮಷ್ಟೇ ನಾಚಿಕೆ ಅವರಿಗೂ ಇತ್ತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಪಂಚರು ಎಲ್ಲಿ?" ಎಂದು ಕೇಳಿದರು.

"ಏನಜ್ಜಿ?"

"ಮಹಜರು ಮಾಡೋಕೆ ಬಂದೀರಲ್ಲ. ಪಂಚರಿಲ್ದೆ ಹೆಂಗೆ ಮಾಡ್ತೀರಿ?"

"ಅಜ್ಜಿ, ಇದು ಇನ್ಶೂರೆನ್ಸ್. ಜಮೀನಲ್ಲ."

"ಅದ್ಕೇ ಕೇಳಿದ್ದು. ಜಮೀನಿಗೇ ಐದು ಜನ ಬೇಕು. ಹೆಣ್ಣುಮಗಳ ಮೈಗೆ ಒಬ್ರೂ ಬ್ಯಾಡ್ವಾ?"

ಪಂಚರನ್ನು ಅವರು ಬೆಳಿಗ್ಗೆಯೇ ಹೇಳಿ ಕಳಿಸಿ ಕರೆಸಿದ್ದರು. ನನಗೆ ಗೊತ್ತಿರಲಿಲ್ಲ. ಅಡುಗೆಮನೆಯ ಕಡೆಯಿಂದ ಒಳಕೋಣೆಗೆ ಬಂದು ಕೂತಿದ್ದರು. ನಮ್ಮ ಬೀದಿಯ ಟೈಲರ್ ಶಕೀಲಾ, ಹದಿನಾರು ವರ್ಷದಿಂದ ನನ್ನ ರವಿಕೆ ಹೊಲಿಯುವವಳು, ತನ್ನ ಅಳತೆ ಪುಸ್ತಕಗಳನ್ನೆಲ್ಲ ಚೀಲದಲ್ಲಿ ತಂದಿದ್ದಳು. ಆಶಾ ಕಾರ್ಯಕರ್ತೆ ಲಲಿತಕ್ಕ ತನ್ನ ಡೈರಿ ತಂದಿದ್ದಳು. ಇನ್ನಿಬ್ಬರು ನನ್ನ ಜೊತೆ ರೊಟ್ಟಿ ತಟ್ಟುವವರು. ಐದನೆಯವರು ಎದುರು ಮನೆಯ ಅಜ್ಜಿ. ಅವರಿಗೆ ಏನು ನಡೆಯುತ್ತಿದೆ ಎಂದು ಪೂರ್ತಿ ತಿಳಿದಿರಲಿಲ್ಲ, ಆದರೆ ವಿಭೂತಿ ಹಚ್ಚಿಕೊಂಡು ಹೊಸ ಸೀರೆ ಉಟ್ಟು ಬಂದಿದ್ದರು.

ಒಳಕೋಣೆಗೂ ಪಡಸಾಲೆಗೂ ನಡುವೆ ಪರದೆ ಇತ್ತು. ನಾನು ಪರದೆಯ ಒಳಗೆ ರವಿಕೆ ಬಿಚ್ಚಿ ನಿಂತೆ. ಹೆರಿಗೆ ಕೋಣೆಯಲ್ಲಿ ಬಿಟ್ಟರೆ ಇಷ್ಟು ಜನರ ಮುಂದೆ ನಾನು ಹಾಗೆ ನಿಂತಿರಲಿಲ್ಲ. ಮೊದಲು ಕಣ್ಣು ಮುಚ್ಚಿಕೊಂಡಿದ್ದೆ. ಅತ್ತೆ ಪರದೆಯ ಬಳಿ ನಿಂತು, ಒಳಗಿನವರು ಹೇಳಿದ್ದನ್ನು ಹೊರಗೆ ದಾಟಿಸಿದರು.

"ಬಲ ಹೆಗಲು. ಹಳ್ಳ ಬಿದ್ದದೆ. ಅರ್ಧ ಬೆರಳು ಆಳ. ಬರ್ಕೊಂಡ್ರಾ?"

"ಅಷ್ಟು ವಿವರ ಬೇಡಜ್ಜಿ."

"ಬ್ಯಾಡ ಅಂದ್ರೆ? ಹೊಲ ಅಳಿಯೋಕೆ ಬಂದು ಬದುವಿನ ಮೇಲೆ ನಿಂತು ಸಾಕು ಅಂತೀರಾ? ಬರೀರಿ."

ಅವರು ಬರೆದರು.

"ಎಡ ಹೆಗಲು ಅದಕ್ಕಿಂತ ಜಾಸ್ತಿ ಅದ ರೀ" ಎಂದು ಒಳಗಿನಿಂದ ಶಕೀಲಾ ಕೂಗಿದಳು. "ನನ್ನ ಬುಕ್ಕಿನ್ಯಾಗ ಅದ ನೋಡ್ರಿ ಸಾರ್. ಮೊದಲ ವರ್ಷ ಹೆಗಲಿಗೆ ಒಂದ ಪಟ್ಟಿ. ಆಮ್ಯಾಲ ಎರಡು. ಈಗ ಒಳಗ ಸ್ಪಂಜ್ ಇಟ್ಟು ಮೂರು ಪದರ ಹೊಲೀತೀನಿ. ಕೂಲಿ ಅಷ್ಟ ತೊಗೊಂಡೀನಿ, ಹೆಚ್ಚಿಗಿ ತೊಗೊಂಡಿಲ್ಲ!"

ಪರದೆಯ ಒಳಗೆ ಎಲ್ಲರೂ ನಕ್ಕರು. ಹೊರಗಿನಿಂದಲೂ ಸಣ್ಣ ನಗು ಕೇಳಿಸಿತು. ಆಗ ನಾನು ಕಣ್ಣು ಬಿಟ್ಟೆ. ಲಲಿತಕ್ಕ ಡೈರಿ ತೆಗೆದು, ಸ್ತನದ ಕೆಳಗಿನ ಹುಣ್ಣಿಗೆ ಯಾವ ಯಾವ ತಿಂಗಳು ಮುಲಾಮು ಕೊಟ್ಟಿದ್ದಾಳೆ ಎಂದು ಓದುತ್ತಿದ್ದಳು. ಡಾಕ್ಟರಿಗೆ ಹೇಳದ್ದನ್ನು ನಾನು ಇವರಿಗೆ ಹೇಳಿದ್ದೆ. ಇವರು ಬರೆದಿಟ್ಟುಕೊಂಡಿದ್ದರು. ಎದುರುಮನೆಯ ಅಜ್ಜಿ ಹತ್ತಿರ ಬಂದು, ನನ್ನ ಹೆಗಲಿನ ಹಳ್ಳದಲ್ಲಿ ತಮ್ಮ ಹೆಬ್ಬೆಟ್ಟು ಇಟ್ಟು ಒತ್ತಿ ನೋಡಿದರು. "ಅಯ್ಯ, ನೊಗ ಕೂತ ಎತ್ತಿನ ಹೆಗಲು ಆಗ್ಯದಲ್ಲವ್ವ" ಎಂದರು.

ತನಿಖೆಯವರು ಕೊನೆಯ ಪ್ರಶ್ನೆಗೆ ಬಂದರು. "ಎಲ್ಲ ಸರಿ. ಆದರೆ ಫೋನಲ್ಲಿ ಗಡ್ಡೆ ಇದೆ ಅಂತ ಯಾಕೆ ಹೇಳಿದ್ರಿ ಮೇಡಂ? ಇದೊಂದೇ ನಿಮಗೆ ತೊಂದರೆ ಆಗಿರೋದು."

ನಾನು ರವಿಕೆ ಹಾಕಿಕೊಳ್ಳುತ್ತಿದ್ದೆ. ಅತ್ತೆ ಪರದೆ ದಾಟಿ ಪಡಸಾಲೆಗೆ ಹೋದರು.

"ಅವಳು ಹೇಳಿದ್ದಲ್ಲ. ನಾನು ಹೇಳಿದ್ದು. ಅವಳ ಹೆಸರಲ್ಲಿ ನಾನು ಮಾತಾಡಿದೆ. ಬರ್ಕೊಳ್ಳಿ."

"ಅಜ್ಜಿ, ನಾನು ಬರೆದರೆ ನಿಮ್ಮ ಮೇಲೆ ಬರುತ್ತೆ."

"ಬರ್ಲಿ. ಸೊಸೆಗೆ ಇಲ್ಲದ ಗಡ್ಡೆ ಇದೆ ಅಂತ ಸುಳ್ಳು ಹೇಳಿದವಳು ಉಳವಿ ಚೌಡಮ್ಮ. ಹಂಗೇ ಬರೀರಿ. ನಾನು ಸಹಿ ಹಾಕ್ತೀನಿ."

ಅವರು ಬರೆದರು. ಅತ್ತೆ ಸಹಿ ಹಾಕಿದರು. ಬಹಳ ಹೊತ್ತು ಹಿಡಿಯಿತು. ಐದು ಜನ ಪಂಚರೂ ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಎದುರುಮನೆಯ ಅಜ್ಜಿಯದು ಹೆಬ್ಬೆಟ್ಟು. ಹೊರಡುವಾಗ ತನಿಖೆಯವರು ಚಪ್ಪಲಿ ಹಾಕಿಕೊಂಡು ನಿಂತು, "ನನ್ನ ಸರ್ವಿಸಲ್ಲಿ ಇಂಥ ರಿಪೋರ್ಟ್ ಬರೆದಿಲ್ಲಮ್ಮ" ಎಂದರು. ಅತ್ತೆ ನಾಲ್ಕು ರೊಟ್ಟಿ ಪೇಪರಿನಲ್ಲಿ ಕಟ್ಟಿಕೊಟ್ಟರು. ಅವರು ಬೇಡ ಎಂದರು. "ಲಂಚ ಅಲ್ಲ, ರೊಟ್ಟಿ" ಎಂದರು ಅತ್ತೆ. ತೆಗೆದುಕೊಂಡು ಹೋದರು.

ಎರಡು ವಾರದ ಮೇಲೆ ಒಪ್ಪಿಗೆ ಬಂತು. ವೈದ್ಯಕೀಯವಾಗಿ ಅಗತ್ಯ ಎಂದು ಪರಿಗಣಿಸಲಾಗಿದೆ ಎಂದು ಬರೆದಿತ್ತು. ಫೋನಿನ ಹೇಳಿಕೆಯು ಕುಟುಂಬದ ಬೇರೊಬ್ಬ ಸದಸ್ಯರದು ಎಂದು ದಾಖಲಿಸಿಕೊಂಡಿದ್ದೇವೆ ಎಂದೂ ಇತ್ತು. ಗಂಡ ಓದಿ ಮುಗಿಸಿ ಅವ್ವನ ಕಾಲು ಮುಟ್ಟಿದರು. "ಎಂತಕ್ಕೋ ಇದೆಲ್ಲ, ಏಳು" ಎಂದರು ಅತ್ತೆ. ಅವರಿಗೆ ಖುಷಿಯಾಗಿತ್ತು. ಸಂಜೆಯೊಳಗೆ ಇಡೀ ಬೀದಿಗೆ ಹೇಳಿ ಬಂದರು. ಹಿಂದಿನ ವರ್ಷಗಳಲ್ಲಿ ನಾನು ಯಾವ ಮಾತನ್ನು ಮುಚ್ಚಿಡಲು ಬಾಗಿ ನಡೆದೆನೋ ಆ ಮಾತನ್ನು ಅವರು ಬೀದಿಯ ನಲ್ಲಿಯ ಹತ್ತಿರ ನಿಂತು ಹೇಳಿದರು. ನನಗೆ ಆಶ್ಚರ್ಯವಾದದ್ದು ಏನೆಂದರೆ, ನನಗೆ ನಾಚಿಕೆಯಾಗಲಿಲ್ಲ.

ಆಪರೇಷನ್ ನಾಲ್ಕು ಗಂಟೆ ನಡೆಯಿತಂತೆ. ಎಚ್ಚರವಾದಾಗ ಎದೆ ತುಂಬ ಬ್ಯಾಂಡೇಜ್, ಎರಡು ಕಡೆ ಡ್ರೈನ್ ಟ್ಯೂಬ್. ನೋವಿತ್ತು. ಆದರೆ ಉಸಿರು ಎಳೆದುಕೊಂಡಾಗ ಒಂದು ಹೊಸತು ಗೊತ್ತಾಯಿತು. ಎದೆಯ ಮೇಲೆ ಯಾರೂ ಕೂತಿರಲಿಲ್ಲ. ಅಷ್ಟು ವರ್ಷ ಯಾರೋ ಕೂತಿದ್ದರು ಎಂದು ಅವರು ಎದ್ದು ಹೋದ ಮೇಲೆ ತಿಳಿದಂತೆ. ಬಲಗೈ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಮುಟ್ಟಿಸಿದೆ. ಜೋಮು ಇನ್ನೂ ಇತ್ತು, ಕಡಿಮೆ ಇತ್ತು. ಅತ್ತೆ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. "ಎಣಿಸ್ಕೊಂಡ್ಯಾ? ಐದೂ ಅದಾವಾ?" ಎಂದರು.

ಮೂರು ವಾರ ಅವರೇ ನನ್ನನ್ನು ನೋಡಿಕೊಂಡರು. ಕೂದಲು ಬಾಚಿದರು, ಅನ್ನ ಕಲಸಿ ಕೊಟ್ಟರು. ನೀರಿನ ಕೊಡ ಅವರೇ ಹೊತ್ತರು. ಎಡಗೈಯಿಂದ ಎತ್ತದೆ ಯಾವಾಗಲೂ ಬಲಗೈಯಲ್ಲೇ ಎತ್ತುತ್ತಿದ್ದರು. ನೋಡಿದೆ. ಕೇಳಲಿಲ್ಲ.

ಹೊಲಿಗೆ ತೋರಿಸಲು ಕೊನೆಯ ಸಲ ಶಿವಮೊಗ್ಗಕ್ಕೆ ಹೋದಾಗ, ಡಾಕ್ಟರು ಕಂಪನಿಗೆ ಕಳಿಸುವ ಕಾಗದಗಳಿಗೆ ಸಹಿ ಹಾಕುತ್ತಿದ್ದರು. ಮೊದಲ ನಿರಾಕರಣೆಯ ಪತ್ರವೂ ಅದರಲ್ಲಿತ್ತು. ಅದನ್ನು ಅವರು ಅಲ್ಲಿಯವರೆಗೆ ಪೂರ್ತಿ ಓದಿರಲಿಲ್ಲವಂತೆ. ಓದಿದರು. ಒಂದು ಸಾಲನ್ನು ಮತ್ತೆ ಓದಿದರು.

"ಈ ಉತ್ತರ ಕೊಟ್ಟಿದ್ದು ಯಾರು?"

"ನಮ್ಮ ಅತ್ತಿ" ಎಂದೆ. ನಗುತ್ತಲೇ ಹೇಳಿದೆ. ನಮ್ಮ ಮನೆಯಲ್ಲಿ ಅದು ಅಷ್ಟರಲ್ಲಿ ತಮಾಷೆಯ ಕಥೆಯಾಗಿತ್ತು.

ಡಾಕ್ಟರು ನಗಲಿಲ್ಲ. "ತೊಟ್ಟು ಒಳಗೆ ಎಳೆದುಕೊಂಡಿದೆ ಅನ್ನೋದನ್ನ ಯಾರೂ ಸುಮ್ಮನೆ ಕಟ್ಟಿ ಹೇಳಲ್ಲ. ಅಜ್ಜಿ, ನೀವು ಒಳಗೆ ಬನ್ನಿ."

ಅತ್ತೆ ನನ್ನ ಮುಖ ನೋಡಿದರು. ಪರದೆಯ ಒಳಗೆ ಹೋದರು.

ಎಡಗಡೆ. ಅಡಿಕೆಯ ಗಾತ್ರ ದಾಟಿ ಎಷ್ಟೋ ದಿನವಾಗಿತ್ತು.

ಕ್ಯಾನ್ಸರ್ ಬಗಲಿಗೂ ಹಬ್ಬಿತ್ತು, ಬೆನ್ನುಮೂಳೆಗೂ ಹೋಗಿದ್ದು ಆಮೇಲಿನ ಸ್ಕ್ಯಾನಿನಲ್ಲಿ ಕಂಡಿತು. ಅವರು ಸುಳ್ಳು ಹೇಳಿದೆ ಎಂದು ಸಹಿ ಹಾಕಿಕೊಟ್ಟಿದ್ದರು. ಆದರೆ ಹೇಳಿದ್ದು ಸುಳ್ಳಾಗಿರಲಿಲ್ಲ. ಯಾರದ್ದು ಎನ್ನುವುದು ಮಾತ್ರ ಬೇರೆ. ಸಹಿ ಹಾಕುವಾಗ ಅವರಿಗೆ ಅದು ಗೊತ್ತಿತ್ತು. ಅಲ್ಲೇ, ಆ ಪಡಸಾಲೆಯಲ್ಲೇ, "ಗಡ್ಡೆ ನನಗಿದೆ" ಎಂದು ಹೇಳಬಹುದಿತ್ತು. ಹೇಳಿದ್ದರೆ ನನ್ನ ಆಪರೇಷನ್ ನಿಲ್ಲುತ್ತಿತ್ತು, ಎಲ್ಲರೂ ಅವರ ಹಿಂದೆ ಓಡುತ್ತಿದ್ದೆವು. ಅದಕ್ಕೇ ಹೇಳಲಿಲ್ಲವೋ, ಹೆದರಿಕೆಗೆ ಹೇಳಲಿಲ್ಲವೋ. ಎರಡೂ ಇದ್ದಿರಬೇಕು ಎಂದು ಈಗ ಅನ್ನಿಸುತ್ತದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಕೇಳಿದೆ. "ಯಾಕ್ರೀ ಅತ್ತಿ ಹೇಳ್ಲಿಲ್ಲ?"

"ಹೇಳಿದ್ನಲ್ಲೆ, ಫೋನಲ್ಲಿ. ನೀವ್ಯಾರೂ ನಂಬ್ಲಿಲ್ಲ."

ನನಗೆ ಅಳು ಬಂತು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಹಾಗೆ ನೋಡುತ್ತಲೇ ಹೇಳಿದರು. "ಆ ಹುಡ್ಗಿ ಫೋನಲ್ಲಿ ಚೆನ್ನಾಗಿ ಕೇಳಿದ್ಲು ಕಣೆ. ಯಾವ ಕಡೆ ಅಮ್ಮ, ಎಷ್ಟು ದಿನ ಆಯ್ತು, ನೋವಿದೆಯಾ ಅಂತ. ಗಡಿಬಿಡಿ ಇಲ್ಲ. ನಿನ್ ಬಗ್ಗೆ ಹೇಳಾಕೇ ಶುರು ಮಾಡಿದ್ದು. ಬಾಯಿಗೆ ನಂದೇ ಬಂತು."

ಸರ್ಕಾರದ ಕಾರ್ಡಿನಲ್ಲಿ ಅವರಿಗೆ ಚಿಕಿತ್ಸೆ ಆಯಿತು. ಕೀಮೋ ನಾಲ್ಕು ಸಲ ಕೊಟ್ಟರು. ಪ್ರತಿ ಸಲವೂ ನಾನೇ ಕರೆದುಕೊಂಡು ಹೋದೆ. ಅವರ ಚೀಲ, ನೀರು, ಫೈಲು ಎಲ್ಲ ನನ್ನ ಹೆಗಲ ಮೇಲೆ. ಹೆಗಲು ತಡೆಯಿತು. ಆಸ್ಪತ್ರೆಯ ಉದ್ದದ ಕಾರಿಡಾರಿನಲ್ಲಿ ಅವರನ್ನು ಹಿಡಿದುಕೊಂಡು ನಡೆಸುವಾಗ ನನ್ನ ಬೆನ್ನು ನೇರ ಇತ್ತು. ಅವರದು ಬಾಗಿತ್ತು. ಪಕ್ಕದ ಬೆಡ್ಡಿನವರಿಗೆ ಅವರು ನನ್ನನ್ನು ತೋರಿಸಿ, "ನನ್ ಸೊಸೆ. ಇವಳ ಕೇಸು ನಾನೇ ಗೆಲ್ಲಿಸಿದ್ದು" ಎನ್ನುತ್ತಿದ್ದರು. ಕೂದಲು ಉದುರಿದ ತಲೆಗೆ ಸೆರಗು ಹೊದ್ದು, ಮಹಜರಿನ ಕಥೆಯನ್ನು ಪೂರ್ತಿ ಹೇಳುತ್ತಿದ್ದರು. ಶಕೀಲಾಳ ದನಿ, ತನಿಖೆಯವರ ದನಿ, ಎಲ್ಲ ಅನುಕರಣೆ ಮಾಡುತ್ತಿದ್ದರು. ಆ ವಾರ್ಡಿನಲ್ಲಿ ಹೆಂಗಸರು ನಗುವುದು ಕೇಳಿ ನರ್ಸ್ ಬಂದು ನೋಡಿ ಹೋಗುತ್ತಿದ್ದರು. ಕಥೆ ಮುಗಿದ ಮೇಲೆ ಅವರು ಎದುರಿನವರ ಮೊಣಕೈ ಹಿಡಿದು ಕೇಳುತ್ತಿದ್ದರು. "ನಿಂಗೆ ಎಲ್ಲಿ ನೋವು? ಯಾವ ಕಡೆ? ಎಷ್ಟು ದಿನ ಆತು?"

ಐದನೆಯ ಕೀಮೋಗೆ ಮೈ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಅತ್ತೆ ತಮ್ಮನ್ನು ಉಳವಿಗೆ ಕರೆದುಕೊಂಡು ಹೋಗಿ ಎಂದರು. ಹೋದೆವು. ಒಂದು ತಿಂಗಳು ನಾನು ಅಲ್ಲೇ ಇದ್ದೆ. ಮೈ ತೊಳೆದೆ, ಹುಣ್ಣಿಗೆ ಬಟ್ಟೆ ಕಟ್ಟಿದೆ. ಹಿಂದೆ ನನ್ನ ಹೆಗಲನ್ನು ಅವರು ನೋಡಿ ಸುಮ್ಮನಾದ ಹಾಗೆ ನಾನು ಸುಮ್ಮನಾಗಲಿಲ್ಲ. ನೋವು ಎಲ್ಲಿದೆ ಎಂದು ದಿನಾ ಕೇಳಿದೆ. ಅವರು ದಿನಾ ಹೇಳಿದರು. ಒಂದು ಬೆಳಿಗ್ಗೆ ಹೇಳಲಿಲ್ಲ. ಗದ್ದೆಯ ಅಂಚಿನಲ್ಲಿ ಮಾವನ ಪಕ್ಕದಲ್ಲಿ ಮಣ್ಣು ಮಾಡಿದೆವು.

ನನ್ನ ಬೆರಳುಗಳು ಸರಿಯಾಗಿವೆ. ಕಿರುಬೆರಳಿನ ತುದಿಯಲ್ಲಿ ಮಾತ್ರ ಸ್ವಲ್ಪ ಜೋಮು ಉಳಿದಿದೆ, ಅದು ಹೋಗದಿರಬಹುದು ಎಂದಿದ್ದಾರೆ. ದಿನಕ್ಕೆ ಎಂಬತ್ತು ರೊಟ್ಟಿ ತಟ್ಟುತ್ತೇನೆ. ಮಧ್ಯಾಹ್ನ ಹೆಂಗಸರು ಕಾಗದ ಹಿಡಿದುಕೊಂಡು ಬರುತ್ತಾರೆ. ಶಿರಾಳಕೊಪ್ಪದಿಂದ ಒಬ್ಬಳು ಬಂದಿದ್ದಳು, ನನ್ನದೇ ತೊಂದರೆ, ಕಂಪನಿಯವರು ಇಲ್ಲ ಎಂದಿದ್ದಾರೆ. ಅವಳ ಹಳೆಯ ಚೀಟಿಗಳಲ್ಲೂ ಕುತ್ತಿಗೆ ನೋವು ಅಂತಲೇ ಇತ್ತು. ನಾನು ಅರ್ಜಿ ಬರೆದುಕೊಟ್ಟೆ. ನಿನ್ನ ರವಿಕೆ ಹೊಲಿಯುವವರು ಯಾರು ಎಂದು ಕೇಳಿದೆ. ಗಡ್ಡೆ ಇದೆಯಾ ಎಂದು ಡಾಕ್ಟರ ಹತ್ತಿರ ಹೋಗಿ ತೋರಿಸು, ನಿನ್ನ ಜೊತೆ ಬಂದ ನಿನ್ನ ಅವ್ವನಿಗೂ ತೋರಿಸು ಎಂದೆ. ಆ ಅವ್ವ ಬಾಗಿಲ ಹೊರಗೆ ಕೂತಿದ್ದರು, ತನಗೇನು ಎಂಬಂತೆ. ನಾನೇ ಎದ್ದು ಹೋಗಿ ಅವರ ಪಕ್ಕ ಕೂತು ಕೇಳಿದೆ.

ಹೋದ ವಾರ ನಮ್ಮ ಪಾಲಿಸಿಯ ನವೀಕರಣದ ಕಾಗದ ಬಂತು. ಅದರಲ್ಲಿ ನನ್ನ ಗಂಡನ ಹೆಸರಿದೆ, ನನ್ನ ಹೆಸರಿದೆ, ಇಬ್ಬರು ಮಕ್ಕಳ ಹೆಸರಿದೆ. ಅತ್ತೆಯ ಹೆಸರು ಅದರಲ್ಲಿ ಯಾವತ್ತೂ ಇರಲಿಲ್ಲ. ಸೇರಿಸೋಣ ಎಂದು ನಾವು ಯಾರೂ ಯೋಚಿಸಿರಲಿಲ್ಲ. ಈಗ ಸೇರಿಸಲು ಅವರಿಲ್ಲ.